ಕುಂಡಗಳ ಪಾಲಿನ ನೀರು

ನಮ್ಮ ಸವದತ್ತಿಗೆ ಬೇಸಿಗೆ ಬಂದ ಸುದ್ದಿಯನ್ನು ಮೊದಲು ಹೇಳುವುದು ಪುದೀನ. ಹೋಳಿ ಹುಣ್ಣಿಮೆಗೆ ಇನ್ನೂ ನಾಲ್ಕು ದಿನ ಇರುವಾಗಲೇ ಅದರ ಎಲೆಯ ಅಂಚು ಕಂದತೊಡಗುತ್ತದೆ. ಅದರ ಹಿಂದೆ ಸೇವಂತಿಗೆ, ಆಮೇಲೆ ಗುಲಾಬಿ. ಏಪ್ರಿಲ್ ಮುಗಿಯುವ ಹೊತ್ತಿಗೆ ಉಷ್ಣತೆ 40 ಡಿಗ್ರಿಯ ಹತ್ತಿರ ಬಂದು ಕುಳಿತಿರುತ್ತದೆ. ಮಧ್ಯಾಹ್ನ ಎರಡಕ್ಕೆ ಮಾಳಿಗೆಯ ಮೇಲೆ ಬರಿಗಾಲಲ್ಲಿ ಹತ್ತು ಎಣಿಸುವಷ್ಟು ಹೊತ್ತು ನಿಲ್ಲಲು ನಮ್ಮಿಂದಾಗದು. ಕುಂಡದಲ್ಲಿರುವ ಗಿಡ ಮಾತ್ರ ದಿನವಿಡೀ ಅಲ್ಲೇ ನಿಂತಿರಬೇಕು. ಹೊಲದ ಗಿಡಕ್ಕಾದರೆ ಬೇರನ್ನು ಆಳಕ್ಕೆ ಇಳಿಸುವ ಸ್ವಾತಂತ್ರ್ಯವಿದೆ. ಕುಂಡದ ಗಿಡಕ್ಕೆ ಒಂದು ಗೇಣು ಮಣ್ಣೇ ಜಗತ್ತು. ಅದು ನಮ್ಮ ಕೈ ನೋಡಿಕೊಂಡೇ ಬದುಕಬೇಕು.

ಹಳೆಯ ಶಾಸನಗಳಲ್ಲಿ ಈ ಊರಿಗೆ ಸುಗಂಧವರ್ತಿ ಎಂಬ ಹೆಸರಿದೆ. ರಟ್ಟರ ರಾಜಧಾನಿಯಾಗಿದ್ದ ಕಾಲದಲ್ಲಿ ಇಲ್ಲಿ ಯಾವ ಹೂವು ಘಮಘಮಿಸುತ್ತಿತ್ತೋ ಗೊತ್ತಿಲ್ಲ. ಈಗ ಮೇ ತಿಂಗಳಲ್ಲಿ ಮೂಗಿಗೆ ಬರುವುದು ಎರಿಹೊಲದ ಧೂಳು.

ಹೊರಗಿನಿಂದ ಬಂದವರು ಒಂದು ಮಾತನ್ನು ತಪ್ಪದೆ ಕೇಳುತ್ತಾರೆ: "ನಿಮ್ಮೂರಾಗ ಡ್ಯಾಮ್ ಅದ, ನಿಮಗೇನ್ರಿ ನೀರಿನ ಚಿಂತಿ?" ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟಿ ಬರುವ ಮಲಪ್ರಭೆಗೆ ನವಿಲುತೀರ್ಥದಲ್ಲಿ, ಎರಡು ಗುಡ್ಡಗಳ ಸಂದಿಯಲ್ಲಿ ಕಟ್ಟಿದ ಅಣೆಕಟ್ಟು ನಮ್ಮ ಮಗ್ಗುಲಲ್ಲೇ ಇರುವುದು ನಿಜ. ಅದರ ಸಾಮರ್ಥ್ಯ 37.73 ಟಿಎಂಸಿ ಅಡಿ. ಆದರೆ ಅದು ತುಂಬಬೇಕಾದರೆ ದೂರದ ಘಟ್ಟದಲ್ಲಿ ಮಳೆಯಾಗಬೇಕು, ನಮ್ಮ ತಲೆಯ ಮೇಲೆ ಸುರಿದರೆ ಸಾಲದು. ತುಂಬಿದ ನೀರಿಗೆ ರಾಮದುರ್ಗ, ನರಗುಂದ, ನವಲಗುಂದ, ರೋಣದ ಹೊಲಗಳು ಕಾದಿರುತ್ತವೆ. ಹುಬ್ಬಳ್ಳಿ-ಧಾರವಾಡದ ಜನ ಕುಡಿಯುವುದೂ ಇದನ್ನೇ. ಇದನ್ನು ದೂರಾಗಿ ಬರೆಯುತ್ತಿಲ್ಲ. ಆ ಊರುಗಳಲ್ಲೂ ಕಿಟಕಿಯಲ್ಲಿ ನಾಲ್ಕು ಕುಂಡ ಇಟ್ಟುಕೊಂಡ ತಾಯಂದಿರು ಇದ್ದಾರೆ. ಒಟ್ಟಿನಲ್ಲಿ ಅಣೆಕಟ್ಟು ಕಣ್ಣಿಗೆ ಕಾಣುತ್ತದೆ ಎಂದ ಮಾತ್ರಕ್ಕೆ ನಳದಲ್ಲಿ ನೀರು ಬರುವುದಿಲ್ಲ ಎಂಬುದನ್ನು ನಾವು ಚಿಕ್ಕಂದಿನಲ್ಲೇ ಕಲಿತೆವು.

ನಾವು ಐವರು ಮಕ್ಕಳು ಹುಟ್ಟಿ ಬೆಳೆದದ್ದು ಮಣ್ಣಿನ ಮಾಳಿಗೆಯ ಮನೆಯಲ್ಲಿ. ಎರಡು ಮೊಳ ದಪ್ಪದ ಗೋಡೆ, ಹಿಂದೆ ಹಿತ್ತಿಲು, ಹಿತ್ತಿಲಲ್ಲಿ ಒಂದು ಬೇವಿನ ಮರ. ಕುಂಡಗಳೆಲ್ಲ ಆ ಬೇವಿನ ನೆರಳಿನಲ್ಲಿ, ಬಚ್ಚಲ ಗೋಡೆಗೆ ಒರಗಿ ಕುಳಿತಿರುತ್ತಿದ್ದವು. ಬಚ್ಚಲ ತೇವ ಗೋಡೆಯೊಳಗಿಂದ ಇಳಿದು ಆ ಮೂಲೆಯನ್ನು ತಂಪಾಗಿಡುತ್ತಿತ್ತು. ಕುಟುಂಬ ಬೆಳೆಯಿತು, ಹಿತ್ತಿಲಿನಲ್ಲಿ ಎರಡು ಕೋಣೆ ಎದ್ದವು, ಬೇವು ಹೋಯಿತು, ಮಣ್ಣಿನ ಮಾಳಿಗೆಯ ಜಾಗದಲ್ಲಿ ಸ್ಲ್ಯಾಬ್ ಬಂತು. ಕುಂಡಗಳು ಮೆಟ್ಟಿಲು ಹತ್ತಿ ಮೇಲೆ ಹೋದವು. ಸ್ಲ್ಯಾಬ್ ಎಂದರೆ ಹಗಲೆಲ್ಲ ಬಿಸಿಲನ್ನು ಕುಡಿದು ನಡುರಾತ್ರಿಯ ತನಕ ಉಗುಳುವ ಕಲ್ಲು. ಗಿಡಕ್ಕೆ ಮೇಲಿನಿಂದ ಒಂದು ಕಾವು, ಕೆಳಗಿನಿಂದ ಇನ್ನೊಂದು ಕಾವು. ಮನೆ ಪಕ್ಕಾ ಆದದ್ದಕ್ಕೆ ನಾವೆಲ್ಲ ಸಂತೋಷಪಟ್ಟೆವು. ಕುಂಡಗಳನ್ನು ಯಾರೂ ಕೇಳಲಿಲ್ಲ.

ಕೇಳಿದವರು ನಮ್ಮ ಅಮ್ಮಿ ಒಬ್ಬರೇ. ಪ್ರತಿ ಕುಂಡದ ಕೆಳಗೆ ಎರಡೆರಡು ಇಟ್ಟಿಗೆ ಇಡಿಸಿ, ಸ್ಲ್ಯಾಬಿಗೂ ಕುಂಡಕ್ಕೂ ನಡುವೆ ಗಾಳಿ ಆಡುವಂತೆ ಮಾಡಿದರು. ನಾಲ್ಕು ಕಂಬ ನೆಟ್ಟು ಹಳೆಯ ಸೀರೆ ಕಟ್ಟಿಸಿದರು. ಅಂಗಡಿಯಲ್ಲಿ ಸಿಗುವ ಹಸಿರು ನೆಟ್ಟು ನಮ್ಮ ಮನೆಗೆ ಬಂದದ್ದು ಬಹಳ ತಡವಾಗಿ. ಅದು ಬಂದ ಮೇಲೂ ಅಮ್ಮಿಗೆ ಹತ್ತಿಯ ಸೀರೆಯ ಮೇಲೇ ವಿಶ್ವಾಸ ಹೆಚ್ಚು. ಸೀರೆಯನ್ನು ನೆನೆಸಬಹುದು, ನೆಟ್ಟನ್ನು ನೆನೆಸಿ ಏನು ಮಾಡುವುದು ಎನ್ನುತ್ತಿದ್ದರು.

ಕುಂಡಗಳು ಎಂದೆವು, ಆದರೆ ಕುಂಬಾರನ ಕುಂಡ ಅರ್ಧಕ್ಕಿಂತ ಕಡಿಮೆ. ಉಳಿದವು ಎಣ್ಣೆಯ ಡಬ್ಬಿ, ಬಣ್ಣದ ಬಕೆಟ್, ತಳ ಸೋರುವ ಕೊಡ, ಕಿವಿ ಮುರಿದ ಹಂಡೆ. ಇವುಗಳಲ್ಲೂ ಸ್ವಭಾವಭೇದವಿದೆ. ಮಣ್ಣಿನ ಕುಂಡ ತನ್ನ ಮೈಯಿಂದ ನೀರು ಆರಿಸಿಕೊಂಡು ಮಣ್ಣನ್ನು ತಂಪಾಗಿಡುತ್ತದೆ, ಕುಡಿಯುವ ನೀರಿನ ಗಡಿಗೆಯ ಹಾಗೆಯೇ. ಆದರೆ ಅದಕ್ಕೆ ನೀರು ಹೆಚ್ಚು ಬೇಕು. ತಗಡಿನ ಡಬ್ಬಿಗೆ ನೀರು ಕಡಿಮೆ ಸಾಕು, ಆದರೆ ಪಡುವಣದ ಬಿಸಿಲು ಬಿದ್ದ ಕಡೆ ಒಳಗಿನ ಬೇರು ಬೇಯುತ್ತದೆ. ಅದಕ್ಕೆ ಗೋಣಿಚೀಲದ ಅಂಗಿ ತೊಡಿಸಬೇಕು. ಕಪ್ಪು ಪ್ಲಾಸ್ಟಿಕ್ಕು ಎಲ್ಲಕ್ಕಿಂತ ಕೆಟ್ಟದ್ದು.

ಮಣ್ಣಿನ ಮಾತನ್ನೂ ಇಲ್ಲೇ ಹೇಳಿಬಿಡುವುದು ಒಳ್ಳೆಯದು. ನಮ್ಮ ಸುತ್ತ ಇರುವುದು ಎರಿಮಣ್ಣು. ಹೊಲದಲ್ಲಿ ಅದು ಬಂಗಾರ, ಹತ್ತಿ, ಜೋಳ, ಕಡಲೆ ಎಲ್ಲವನ್ನೂ ಕೊಡುತ್ತದೆ. ಕುಂಡದಲ್ಲಿ ಅದು ಶತ್ರು. ಒಣಗಿತೆಂದರೆ ಕುಗ್ಗಿ ಕುಂಡದ ಗೋಡೆಯನ್ನು ಬಿಟ್ಟು ಒಳಗೆ ಸರಿಯುತ್ತದೆ. ಆಮೇಲೆ ನೀವು ಎಷ್ಟು ನೀರು ಹಾಕಿದರೂ ಆ ಸಂದಿಯಲ್ಲಿ ಜರ್ರನೆ ಇಳಿದು ತಳದ ತೂತಿನಿಂದ ಹೊರಟುಹೋಗುತ್ತದೆ. ಮೇಲಿನಿಂದ ನೋಡಿದರೆ ನೀರು ಕುಡಿದಂತೆ ಕಾಣುತ್ತದೆ, ಒಳಗೆ ಬೇರು ಒಣಗಿಯೇ ಇರುತ್ತದೆ. ಎಷ್ಟೋ ಮನೆಗಳಲ್ಲಿ "ದಿನಾ ನೀರು ಹಾಕಿದರೂ ಗಿಡ ಸತ್ತಿತು" ಎನ್ನುವ ಮಾತಿನ ಹಿಂದೆ ಇರುವುದು ಈ ಸಂದಿ. ಅದಕ್ಕೇ ಎರಿಯ ಜೊತೆ ಮಸಾರಿ ಮಣ್ಣು, ಮರಳು, ಹಳೆಯ ಸಗಣಿಗೊಬ್ಬರ ಬೆರೆಸಬೇಕು. ಮೇಲೆ ಎರಡು ಬೆರಳಿನಷ್ಟು ಶೇಂಗಾ ಸಿಪ್ಪೆ ಹೊದಿಸಬೇಕು. ಅದು ಬಿಸಿಲಿಗೆ ಮುಚ್ಚಳ, ಮಳೆಗಾಲಕ್ಕೆ ಗೊಬ್ಬರ.

ಇನ್ನು ನೀರು. ನಮ್ಮ ಮನೆಯಲ್ಲಿ ನೀರಿಗೆ ಮೊದಲ ಸಲ, ಎರಡನೇ ಸಲ ಎಂಬ ಲೆಕ್ಕವಿದೆ. ಮೊದಲ ಸಲದ ನೀರು ಮನುಷ್ಯರದು. ಅಕ್ಕಿ ತೊಳೆದದ್ದು, ತರಕಾರಿ ತೊಳೆದದ್ದು, ವುಝೂ ಮಾಡಿದ್ದು ಎರಡನೇ ಸಲದ ನೀರು, ಅದು ಕುಂಡಗಳದು. ಬಟ್ಟೆ ಜಾಲಿಸಿದ ಸಾಬೂನಿನ ನೀರು ಅಂಗಳಕ್ಕೆ. ಇವುಗಳಲ್ಲಿ ವುಝೂವಿನ ನೀರು ಎಲ್ಲಕ್ಕಿಂತ ಮೇಲು, ಅದರಲ್ಲಿ ಸಾಬೂನಿಲ್ಲ, ಎಣ್ಣೆಯಿಲ್ಲ, ಉಪ್ಪಿಲ್ಲ. ಬಚ್ಚಲ ಕಲ್ಲಿನ ಕೆಳಗೆ ಅಗಲ ಬಾಯಿಯ ಒಂದು ತಗಡಿನ ಬುಟ್ಟಿ ಇರುತ್ತದೆ. ನಳದ ಕೆಳಗೆ ಕೈಯೊಡ್ಡಿ ವುಝೂ ಮಾಡುವ ರೂಢಿಯನ್ನು ಅಮ್ಮಿ ಬೆಳೆಸಲೇ ಇಲ್ಲ. ಹರಿಯುವ ಹೊಳೆಯ ದಂಡೆಯಲ್ಲಿ ಕುಳಿತರೂ ನೀರು ಪೋಲು ಮಾಡಬಾರದೆಂಬ ಪಾಠ ನಮ್ಮ ಮದ್ರಸಾದಲ್ಲಿ ಎಲ್ಲರಿಗೂ ಕಲಿಸಿದ್ದೇ. ಅಮ್ಮಿ ಅದನ್ನು ತಂಬಿಗೆಯಲ್ಲಿ ಅಳೆದು ತೋರಿಸಿದರು. ಒಬ್ಬರಿಗೆ ಒಂದೂವರೆ ತಂಬಿಗೆ. ಮನೆಯಲ್ಲಿ ನಮಾಝ್ ಮಾಡುವವರು ನಾಲ್ವರು, ದಿನಕ್ಕೆ ಐದು ಸಲ. ಅಲ್ಲಿಗೆ 30 ತಂಬಿಗೆಯ ಲೆಕ್ಕ, ಚೆಲ್ಲಿದ್ದು ಬಿಟ್ಟು ಬುಟ್ಟಿಗೆ ಬೀಳುವುದು 25. ಬೇಸಿಗೆಯ ಕುಂಡಗಳ ಒಟ್ಟು ಆದಾಯ ಇದು. ಇದರಲ್ಲಿ ಸಂಸಾರ ನಡೆಯಬೇಕು.

ಇಲ್ಲಿ ಒಂದು ಮಾತು ಹೇಳಬೇಕು. ನೀರು ಯಾವಾಗ ಹಾಕಬೇಕೆನ್ನುವುದು ಎಷ್ಟು ಹಾಕಬೇಕೆನ್ನುವುದಕ್ಕಿಂತ ದೊಡ್ಡ ಪ್ರಶ್ನೆ. ಮಧ್ಯಾಹ್ನ ದಾಸವಾಳ ಎಲೆ ಜೋಲು ಬಿಟ್ಟಿತೆಂದು ತಂಬಿಗೆ ಹಿಡಿದು ಓಡುವವರಿದ್ದಾರೆ. ಆ ಹೊತ್ತಿನ ಬಾಡು ಬಹಳ ಸಲ ಬಾಯಾರಿಕೆಯಲ್ಲ. ಬೇರು ಎಳೆಯುವುದಕ್ಕಿಂತ ವೇಗವಾಗಿ ಎಲೆಯಿಂದ ನೀರು ಹಾರುತ್ತಿದೆ, ಗಿಡ ಎಲೆ ಮಡಚಿ ತನ್ನನ್ನು ಕಾಪಾಡಿಕೊಳ್ಳುತ್ತಿದೆ ಎಂದಷ್ಟೇ ಅರ್ಥ. ಮಗ್ರಿಬ್ ನಂತರವೂ ಜೋಲು ಬಿದ್ದಿದ್ದರೆ ಆಗ ಅದು ನಿಜವಾದ ಕೂಗು. ಬೆರಳನ್ನು ಎರಡು ಗೆಣ್ಣಿನವರೆಗೆ ಮಣ್ಣಿಗೆ ಇಳಿಸಿ ನೋಡದೆ ನೀರು ಹಾಕುವುದು ಅಮ್ಮಿಯ ಪ್ರಕಾರ ಕೇಳದೆ ಊಟ ಬಡಿಸಿದ ಹಾಗೆ. 2022ರಲ್ಲಿ ರಮಝಾನ್ ಏಪ್ರಿಲ್‌ನಲ್ಲೇ ಬಂತು. ಸಹರಿಗೆ ಎದ್ದವರೆಲ್ಲ ಇನ್ನೂ ಕಣ್ಣುಜ್ಜಿಕೊಳ್ಳುತ್ತಿರುವಾಗ ಅಮ್ಮಿ ಮಾಳಿಗೆಯ ಮೇಲೆ ಇರುತ್ತಿದ್ದರು. "ಅವಕ್ಕೂ ಸಹರಿ ಆಗಬೇಕಲ್ಲ" ಎನ್ನುತ್ತಿದ್ದರು. ತಮಾಷೆಗೆ ಹೇಳಿದ್ದಾದರೂ ಶಾಸ್ತ್ರಕ್ಕೂ ಸರಿಯಾಗಿದೆ. ನಸುಕಿನಲ್ಲಿ ಮಣ್ಣು ತಣ್ಣಗಿರುತ್ತದೆ, ಹಾಕಿದ ನೀರು ಹಬೆಯಾಗದೆ ಬೇರಿಗೆ ಸೇರುತ್ತದೆ, ದಿನದ ಬಿಸಿಲನ್ನು ಗಿಡ ಹೊಟ್ಟೆ ತುಂಬಿದ ಮೇಲೆ ಎದುರಿಸುತ್ತದೆ. (ನಮ್ಮ ಮನೆಯ ಮಾತು ದಖನಿ. ಅಮ್ಮಿಯ ಮಾತುಗಳನ್ನು ನಾವು ಇಲ್ಲಿ ಕನ್ನಡಕ್ಕೆ ತಂದಿದ್ದೇವೆ, ಓಣಿಯಲ್ಲಿ ಅವರು ಆಡುವ ಕನ್ನಡದಲ್ಲೇ ಕೆಲವನ್ನು ಬಿಟ್ಟಿದ್ದೇವೆ.)

ಆದರೆ ಈ ಲೆಕ್ಕವೆಲ್ಲ ನಿಜವಾಗಿ ಪರೀಕ್ಷೆಗೆ ಬಿದ್ದದ್ದು 2017ರ ಬೇಸಿಗೆಯಲ್ಲಿ. ಅದರ ಹಿಂದಿನ ಎರಡು ವರ್ಷವೂ ಮಳೆ ಕೈಕೊಟ್ಟಿತ್ತು. ಅಣೆಕಟ್ಟಿನ ನೀರು ತಳಕ್ಕೆ ಇಳಿದು, ದಂಡೆಯಲ್ಲಿ ಬಿರುಕು ಬಿಟ್ಟ ಕೆಸರು ಕಾಣುತ್ತಿತ್ತು. ನಮ್ಮ ಓಣಿಗೆ ನಳ ಎಂಟು-ಹತ್ತು ದಿನಕ್ಕೊಮ್ಮೆ ಬರುತ್ತಿತ್ತು. ಯಾರನ್ನು ಬೈಯುವುದು? ಹೊಳೆಯೇ ಬತ್ತಿತ್ತು. ಆ ವರ್ಷ ನಮ್ಮ ಮಾಳಿಗೆಯ ಮೇಲೆ 43 ಕುಂಡಗಳಿದ್ದವು.

ಒಂದು ಮುಂಜಾನೆ ಪಕ್ಕದ ಮನೆಯ ಕಾಕು ತಮ್ಮ ಮಾಳಿಗೆಯ ಮೇಲೆ ಶ್ಯಾವಿಗೆ ಒಣಹಾಕಲು ಬಂದವರು ಅಮ್ಮಿಯನ್ನು ನೋಡಿ ಕೇಳಿದರು: "ಅಕ್ಕಾರ, ನಮಗ ಕುಡಿಯಾಕ ನೀರಿಲ್ಲ. ನೀವು ಗಿಡಕ್ಕ ಹಾಕಾಕತ್ತೀರಲ್ರಿ?"

ಕಾಕು ಕೆಟ್ಟ ಮನಸ್ಸಿನಿಂದ ಕೇಳಿದ್ದಲ್ಲ. ಎರಡು ಮನೆಗಳ ನಡುವೆ ನಲವತ್ತು ವರ್ಷದ ಕೊಡಕೊಳ್ಳುವ ಸಂಬಂಧ. ಹಿಂದಿನ ರಾತ್ರಿ ಅವರು ಟ್ಯಾಂಕರಿನ ಮುಂದೆ ಎರಡು ತಾಸು ನಿಂತು ನಾಲ್ಕು ಕೊಡ ನೀರು ತಂದಿದ್ದರು, ಅಷ್ಟೆ. ಅಮ್ಮಿ ಆಗ ಏನೂ ಹೇಳದೆ ಕೆಳಗೆ ಬಂದರು. ನಮಗೆ ಸಿಟ್ಟು ಬಂದಿತ್ತು. ನಾವು ಹಾಕುತ್ತಿರುವುದು ಬಳಸಿದ ನೀರು, ಅವರಿಗೆ ಹೇಳಬೇಕಿತ್ತು ಎಂದೆವು. ಅಮ್ಮಿ ಬುಟ್ಟಿಯನ್ನು ತೋರಿಸಿ, "ಈ ಬುಟ್ಟಿಯ ನೀರು 43ಕ್ಕೆ ಸಾಲುತ್ತದೇನು? ಲೆಕ್ಕ ಹಾಕಿ ನೋಡಿ" ಎಂದರು. ಸಾಲುತ್ತಿರಲಿಲ್ಲ. ದಿನ ಬಿಟ್ಟು ದಿನ ಒಂದೊಂದು ತಂಬಿಗೆ ಹಾಕಿದರೆ 43 ಕುಂಡಕ್ಕೆ ದಿನಕ್ಕೆ ಇಪ್ಪತ್ತೆರಡು ತಂಬಿಗೆ ಬೇಕು. ಕಾಗದದ ಮೇಲೆ ಹೊಂದುತ್ತದೆ. ಆದರೆ ಏಪ್ರಿಲ್‌ನಲ್ಲಿ ಗುಲಾಬಿಗೆ, ಮಲ್ಲಿಗೆಗೆ ದಿನ ಬಿಟ್ಟು ದಿನ ಸಾಲದು, ದೊಡ್ಡ ಹಂಡೆಗಳಿಗೆ ಒಂದು ತಂಬಿಗೆ ಸಾಲದು. ಉಳಿದದ್ದು ಟಾಕಿಯಿಂದ ಹೋಗುತ್ತಿತ್ತು. ಅಂದರೆ ಕಾಕು ಕೇಳಿದ್ದರಲ್ಲಿ ಹುರುಳಿತ್ತು.

ಅಂದಿನಿಂದ ಟಾಕಿಯ ನೀರು ಒಂದು ಹನಿಯೂ ಮೇಲೆ ಹೋಗಕೂಡದು ಎಂದು ಮನೆಯಲ್ಲಿ ಕಾನೂನಾಯಿತು. ಬುಟ್ಟಿಯ ನೀರಿನಲ್ಲಿ ಎಷ್ಟು ಬದುಕುತ್ತವೋ ಅಷ್ಟನ್ನೇ ಇಟ್ಟುಕೊಳ್ಳುವುದು, ಉಳಿದವನ್ನು ಒಣಗುವ ಮೊದಲೇ ನೀರಿದ್ದವರ ಮನೆಗೆ ಕಳಿಸುವುದು. ಯಾವುದು ಇರಬೇಕು, ಯಾವುದು ಹೋಗಬೇಕು? ಅಮ್ಮಿ ಎರಡು ದಿನ ಮಾಳಿಗೆಯ ಮೇಲೆ ಓಡಾಡಿದರು. ಲೋಳೆಸರ ಉಳಿಯಿತು. ಅದು ಹಗಲು ಬಾಯಿ ಮುಚ್ಚಿಕೊಂಡು ರಾತ್ರಿ ಮಾತ್ರ ಉಸಿರಾಡುವ ಗಿಡ, ಹದಿನೈದು ದಿನ ಮರೆತರೂ ಮುನಿಸಿಕೊಳ್ಳದು. ಕರಿಬೇವು ಉಳಿಯಿತು, ಓಣಿಯ ಅರ್ಧದಷ್ಟು ಒಗ್ಗರಣೆ ಅದರ ಮೇಲೇ ನಡೆಯುವುದರಿಂದ. ಮೆಹಂದಿ ಉಳಿಯಿತು, ನಮ್ಮ ಇಬ್ಬರು ಅಕ್ಕಂದಿರ ಕೈ ಕೆಂಪಾದದ್ದು ಅದರಿಂದಲೇ, ಮೇಲಾಗಿ ಅದು ಬಿಸಿಲಿನ ಗಿಡ. ಕಾಗದದ ಹೂವು, ಸದಾಪುಷ್ಪ, ಸಬ್ಜಾದ ಎರಡು ಡಬ್ಬಿ, ಒಂದೇ ಒಂದು ದುಂಡುಮಲ್ಲಿಗೆ. ಹೀಗೆ ಎಣಿಸುತ್ತ 18ಕ್ಕೆ ನಿಂತಿತು.

ಗುಲಾಬಿ ಆ ಹದಿನೆಂಟರಲ್ಲಿ ಇರಲಿಲ್ಲ.

ಅದು ಅಬ್ಬಾ ಬೆಳಗಾವಿಯಿಂದ ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ತಂದ ಗಿಡ. ಅವರು ಚಹಾ ಕುಡಿದು ಬಸಿಯಲ್ಲಿ ಉಳಿದ ಗಸಿಯನ್ನು ದಿನಾ ಅದರ ಬುಡಕ್ಕೆ ಹಾಕುತ್ತಿದ್ದರು. ಅಬ್ಬಾ 2011ರಲ್ಲಿ ತೀರಿಕೊಂಡರು. ಆ ಒಂದು ಗಿಡವಂತೂ ಉಳಿದೇ ಉಳಿಯುತ್ತದೆಂದು ನಾವೆಲ್ಲ ತಿಳಿದಿದ್ದೆವು. ಬೇಕಾದರೆ ನಮ್ಮ ಸ್ನಾನದಲ್ಲಿ ಒಂದು ತಂಬಿಗೆ ಕಡಿಮೆ ಮಾಡಿಕೊಳ್ಳುತ್ತೇವೆ ಎಂದೂ ಹೇಳಿದೆವು. ಅಮ್ಮಿ ಒಪ್ಪಲಿಲ್ಲ. "ಅದು ಒಂದೇ ನಾಲ್ಕು ಗಿಡದ ನೀರು ಕುಡಿಯುತ್ತದೆ. ನಿಮ್ಮಪ್ಪನ ಗಿಡ ಅಂತ ಅದಕ್ಕೆ ಎರಡು ಪಾಲು ಕೊಡುವುದಕ್ಕೆ ಆಗುವುದಿಲ್ಲ" ಎಂದರು. ರಾಮದುರ್ಗದ ಕಡೆಯ ಒಂದು ಹಳ್ಳಿಯಲ್ಲಿ ನಮ್ಮ ಬೀಗರಿದ್ದಾರೆ, ಅವರ ಹಿತ್ತಿಲಲ್ಲಿ ಬಾವಿಯಿದೆ. ಗುಲಾಬಿ ಟೆಂಪೋದಲ್ಲಿ ಅಲ್ಲಿಗೆ ಹೋಯಿತು.

ಮೇ ಕೊನೆಯಲ್ಲಿ ಅದು ಒಣಗಿತೆಂದು ಫೋನು ಬಂತು. ಅವರು ನೀರಿಗೆ ಕಡಿಮೆ ಮಾಡಿರಲಿಲ್ಲ, ಮುಂಜಾನೆ ಸಂಜೆ ಎರಡೂ ಹೊತ್ತು ಹಾಕಿದ್ದರು. ಬಾವಿಯ ನೀರು ಸವಳು. ಎರಿಭೂಮಿಯ ಎಷ್ಟೋ ಬಾವಿ, ಬೋರುಗಳ ಕಥೆ ಇದು. ಬೇಸಿಗೆಯಲ್ಲಿ ನೀರಿನ ಮಟ್ಟ ಇಳಿದಂತೆ ಉಪ್ಪಿನ ಪ್ರಮಾಣ ಏರುತ್ತದೆ. ಕುಂಡದಲ್ಲಿ ನೀರು ಹಾರಿಹೋಗಿ ಉಪ್ಪು ಉಳಿಯುತ್ತದೆ, ಮೇಲ್ಮಣ್ಣಿನಲ್ಲಿ ಬಿಳಿ ಪೊರೆ ಕಟ್ಟುತ್ತದೆ, ಎಲೆಯ ತುದಿ ಸುಟ್ಟಂತಾಗುತ್ತದೆ. ಹಾಗಾದಾಗ ಜನ ಇನ್ನೂ ನೀರು ಬೇಕೆಂದುಕೊಂಡು ಅದೇ ನೀರನ್ನು ಇನ್ನಷ್ಟು ಹಾಕುತ್ತಾರೆ. ಗುಲಾಬಿಗೆ ಉಪ್ಪು ಎಳ್ಳಷ್ಟೂ ಆಗದು. ಅಮ್ಮಿ ಫೋನಿನಲ್ಲಿ ಎಲ್ಲವನ್ನೂ ಕೇಳಿಸಿಕೊಂಡರು. ಬೀಗರು ನೊಂದುಕೊಳ್ಳಬಾರದೆಂದು ನಾಲ್ಕು ಮಾತು ಆಡಿದರು. ಕೊನೆಗೆ, "ಕುಂಡ ಒಡೆಯಬೇಡಿ, ಈ ಕಡೆ ಯಾರಾದರೂ ಬರುವಾಗ ಕಳಿಸಿ" ಎಂದರು. ಕುಂಡ ಬಂತು. ಅದನ್ನು ಮೂರು ಸಲ ಮಳೆನೀರಿನಲ್ಲಿ ನೆನೆಹಾಕಿ ಉಪ್ಪು ಬಿಡಿಸಿದರು. ಈಗ ಅದರಲ್ಲಿ ಕರಿಬೇವಿನ ಮರಿ ಇದೆ.

ಆ ದಿನಗಳಲ್ಲಿ ನಮ್ಮಲ್ಲಿ ಕಿರಿಯವನು ಕುವೈತಿನಲ್ಲಿದ್ದ. ಅವನ ಕೆಲಸವೇನು ಗೊತ್ತೆ? ರಸ್ತೆಯ ನಡುವಿನ ಹೂಗಿಡಗಳಿಗೆ ನೀರಿನ ಪೈಪು ನೋಡಿಕೊಳ್ಳುವುದು. ನದಿಯೇ ಇಲ್ಲದ ದೇಶ. 2016ರ ಜುಲೈ 21ರಂದು ಅಲ್ಲಿನ ಮಿತ್ರಿಬಾ ಎಂಬಲ್ಲಿ 53.9 ಡಿಗ್ರಿ ದಾಖಲಾಯಿತು. ಜೂನ್‌ನಿಂದ ಆಗಸ್ಟ್ ಕೊನೆಯವರೆಗೆ ಬೆಳಿಗ್ಗೆ 11ರಿಂದ ಸಂಜೆ 4ರ ತನಕ ಬಯಲಿನಲ್ಲಿ ಕೂಲಿಕಾರರಿಂದ ಕೆಲಸ ಮಾಡಿಸಬಾರದೆಂದು ಅಲ್ಲಿ ಸರಕಾರದ ನಿಯಮವಿದೆ. ಕುಡಿಯುವುದು ಸಮುದ್ರದ ಉಪ್ಪು ತೆಗೆದ ನೀರನ್ನು. ಗಿಡಗಳಿಗೆ ಹಾಕುವುದು ಊರಿನ ಚರಂಡಿಯ ನೀರನ್ನು ಶುದ್ಧ ಮಾಡಿ. ಸುಲೈಬಿಯಾದಲ್ಲಿ 2004ರಲ್ಲಿ ಆರಂಭವಾದ ಅಂಥ ಘಟಕ ಜಗತ್ತಿನ ದೊಡ್ಡ ಘಟಕಗಳಲ್ಲಿ ಒಂದು. ಅಮ್ಮಿಗೆ ಅವನು ಇದನ್ನು ಫೋನಿನಲ್ಲಿ ವಿವರಿಸಿದಾಗ ಅವರಿಗೇನೂ ಆಶ್ಚರ್ಯವಾಗಲಿಲ್ಲ. "ಅಂದರೆ ಅವರದೂ ಎರಡನೇ ಸಲದ ನೀರೇ" ಎಂದರು.

ಆರು ಜನ ಮಲಗುವ ಅವನ ಕೋಣೆಯ ಕಿಟಕಿಯಲ್ಲಿ ಒಂದು ಲೋಳೆಸರ, ಒಂದು ಡಬ್ಬಿ ಪುದೀನ ಇದ್ದವು. ಅವಕ್ಕೆ ಏಸಿ ಯಂತ್ರದಿಂದ ತೊಟ್ಟಿಕ್ಕುವ ನೀರು. ಗಾಳಿಯಲ್ಲಿನ ತೇವವೇ ತಣಿದು ಇಳಿಯುವ ಆ ನೀರಿನಲ್ಲಿ ಉಪ್ಪಿನ ಅಂಶವಿರದು. ಮರುಭೂಮಿಯ ಒಣಗಾಳಿ ಬೀಸುವ ಜೂನ್‌ನಲ್ಲಿ ಬಕೆಟ್ಟಿನ ತಳವೂ ಒದ್ದೆಯಾಗುತ್ತಿರಲಿಲ್ಲವಂತೆ, ಸಮುದ್ರದ ತೇವ ಬರುವ ಆಗಸ್ಟ್‌ನಲ್ಲಿ ತುಂಬಿ ಚೆಲ್ಲುತ್ತಿತ್ತಂತೆ. ಪುದೀನ ಬಹಳ ಬಿಸಿಲಿನ ತಿಂಗಳುಗಳಲ್ಲೇ ಉಪವಾಸ ಬೀಳುತ್ತಿತ್ತು. ಆಗ ಕೋಣೆಯ ಆರು ಜನ ತಮ್ಮ ಕುಡಿಯುವ ಬಾಟಲಿಯಲ್ಲಿ ಉಳಿದ ಗುಟುಕನ್ನು ಸರದಿಯಂತೆ ಹಾಕುತ್ತಿದ್ದರು. ಅವರಲ್ಲಿ ಇಬ್ಬರು ಕೇರಳದವರು, ಒಬ್ಬ ನೇಪಾಳಿ. ಪುದೀನ ಚಹಾದ ವಿಷಯದಲ್ಲಿ ಮಾತ್ರ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ.

2020ರಲ್ಲಿ ಅವನು ಕೆಲಸ ಕಳೆದುಕೊಂಡು ಊರಿಗೆ ಬಂದ. ಬಂದ ಮರುವರ್ಷ ಮಾಳಿಗೆಯ ಮೇಲೆ ಹನಿ ನೀರಾವರಿಯ ಪೈಪು ಹಾಕಿದ. ಅವನಿಗೆ ಗೊತ್ತಿದ್ದ ವಿದ್ಯೆ ಅದು, ಅಮ್ಮಿಯ ಮೊಣಕಾಲನ್ನು ಉಳಿಸುವ ಆಸೆಯೂ ಇತ್ತು. ತಿಂಗಳೊಪ್ಪತ್ತಿನಲ್ಲಿ ತೂತುಗಳೆಲ್ಲ ಕಟ್ಟಿಕೊಂಡವು. ಬುಟ್ಟಿಯ ನೀರಿನಲ್ಲಿ ಕಸ, ಅಕ್ಕಿಯ ಗಂಜಿ ಇರುತ್ತದೆ, ಪೈಪಿಗೆ ಬೇಕಾದದ್ದು ಟಾಕಿಯ ತಿಳಿನೀರು. ಟಾಕಿಯ ನೀರಿಗೆ ಮನೆಯಲ್ಲಿ ಕಾನೂನು ಅಡ್ಡ. ತಾಯಿ-ಮಗನಿಗೆ ಒಂದು ವಾರ ಮಾತುಕತೆಯೇ ಇರಲಿಲ್ಲ. ಅಮ್ಮಿಯ ಆಕ್ಷೇಪ ಬೇರೆಯೂ ಇತ್ತು: ಪೈಪಿಗೆ ಕಣ್ಣಿಲ್ಲ, ಬೇಕಾದವರಿಗೂ ಬೇಡವಾದವರಿಗೂ ಒಂದೇ ಅಳತೆ. ಕೊನೆಗೆ ಅವನು ಕುಂಬಾರನ ಹತ್ತಿರ ಹೋಗಿ ಬಟ್ಟಲಿನಷ್ಟು ಸಣ್ಣ ಗಡಿಗೆಗಳನ್ನು ತಂದು ದೊಡ್ಡ ಹಂಡೆಗಳಲ್ಲಿ ಗಿಡದ ಪಕ್ಕ ಕುತ್ತಿಗೆಯ ತನಕ ಹೂತ. ಕ್ರಿಸ್ತಪೂರ್ವ ಮೊದಲ ಶತಮಾನದ ಚೀನಿ ಕೃಷಿ ಗ್ರಂಥದಲ್ಲಿಯೇ ಇರುವ ಉಪಾಯವಿದು. ಗಡಿಗೆಗೆ ನೀರು ತುಂಬಿ ಮುಚ್ಚಿದರೆ ಅದರ ಮೈಯಿಂದ ಒಸರಿ, ಮಣ್ಣು ಒಣಗಿದಷ್ಟೂ ಕೊಡುತ್ತದೆ, ತೇವವಿದ್ದರೆ ಸುಮ್ಮನಿರುತ್ತದೆ. ಮೂರು-ನಾಲ್ಕು ದಿನಕ್ಕೊಮ್ಮೆ ತುಂಬಿದರಾಯಿತು. ಆಗಾಗ ಬ್ರಷ್ ಹಾಕಿ ಉಜ್ಜಬೇಕು, ಇಲ್ಲವಾದರೆ ಗಂಜಿ ಕಟ್ಟಿ ಒಸರುವುದು ನಿಲ್ಲುತ್ತದೆ. ಇದಕ್ಕೆ ಅಮ್ಮಿ ಒಪ್ಪಿದರು. ಒಪ್ಪಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ, ಎರಡು ದಿನ ಬಿಟ್ಟು ಇನ್ನೂ ನಾಲ್ಕು ಗಡಿಗೆ ತರಲು ಹೇಳಿದರು.

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಕೆಳಗಿನ ಹಳ್ಳಿಗಳೊಳಗೆ ನುಗ್ಗಿತು, 2023ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ಕುಂಡಗಳ ಸಂಖ್ಯೆ ಹದಿನೆಂಟರಿಂದ ಹೆಚ್ಚೆಂದರೆ ಇಪ್ಪತ್ತೆರಡಕ್ಕೆ ಏರುತ್ತದೆ, ಮಾರ್ಚ್ ಬಂದ ಕೂಡಲೇ ಅಮ್ಮಿ ಅದನ್ನು ಇಳಿಸುತ್ತಾರೆ. ಈಗ ಅವರು ಮೆಟ್ಟಿಲು ಹತ್ತುವುದಿಲ್ಲ. ಪಡಸಾಲೆಯಲ್ಲಿ ಕುಳಿತು ಮೊಮ್ಮಕ್ಕಳನ್ನು ಕಳಿಸುತ್ತಾರೆ. ಮಕ್ಕಳು ಮಣ್ಣಿನಲ್ಲಿ ಬೆರಳಿಟ್ಟು ಬಂದದ್ದು ನಿಜವೋ ಸುಳ್ಳೋ ಎಂದು ಉಗುರು ನೋಡಿ ಹೇಳುತ್ತಾರೆ.

ಪಕ್ಕದ ಮನೆಯ ಕಾಕು ಆ ಪ್ರಶ್ನೆಯನ್ನು ಮರೆತಿದ್ದಾರೋ ಏನೋ. 2018ರ ಬೇಸಿಗೆಯಿಂದ ಅವರ ಮನೆಯ ಬೇಳೆ, ಕಾಯಿಪಲ್ಲೆ ತೊಳೆದ ನೀರು ಒಂದು ಕೊಡದಲ್ಲಿ ಗೋಡೆಯ ಮೇಲಿಂದ ನಮ್ಮ ಕಡೆ ಬರುತ್ತದೆ. ಕೊಡ ಖಾಲಿ ಹೋಗಬಾರದೆಂದು ಅದರ ಬಾಯಿಗೆ ನಾಲ್ಕು ಎಸಳು ಕರಿಬೇವು ಸಿಕ್ಕಿಸಿ ವಾಪಸು ಕೊಡುತ್ತೇವೆ. ಈ ಸಲ ಏಪ್ರಿಲ್‌ನಲ್ಲಿ ಕೊಡದ ನೀರನ್ನು ಅಮ್ಮಿ ಬೆರಳ ತುದಿಗೆ ತಗುಲಿಸಿಕೊಂಡು ನಾಲಿಗೆಗೆ ಇಟ್ಟು ನೋಡಿದರು. ಆಮೇಲೆ ಕುಳಿತಲ್ಲಿಂದಲೇ ಗೋಡೆಯಾಚೆಗೆ ಕೇಳುವಂತೆ ಕೂಗಿದರು: "ಅಕ್ಕಾರ, ಸೊಪ್ಪು ಉಪ್ಪು ಹಾಕಿ ತೊಳದಿರೇನ್ರಿ? ಇದನ್ನ ಅಂಗಳಕ್ಕ ಹಾಕಸ್ತೀನಿ, ನಾಳಿ ಬ್ಯಾಳಿ ನೀರು ಕಳಸ್ರಿ."